ಹೊಲಿಗೆ ಮಷೀನಿನ ಮುಂದೆ ನನ್ನ ಪ್ರಾರ್ಥನೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನನ್ನಂಥವರಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಕರೆಂಟ್ ಹೋದರೆ ಕೂಲಿಯೂ ಹೋಯಿತು. ಹಾಗಾಗಿ ನನ್ನ ಪ್ರಾರ್ಥನೆ ಅಂದರೆ ಬೇಡಿಕೆಗಳದ್ದೇ ಪಟ್ಟಿ: ಆರ್ಡರ್ ಬರಲಿ, ಬಾಕಿ ಬರಲಿ, ಮಗಳ ಜ್ವರ ಇಳಿಯಲಿ. ಬೇಡುವುದು ತಪ್ಪೇನಲ್ಲ. ಬೇಡಿಕೊಳ್ಳಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಆದರೆ ನೀವು ಕೇಳುವ ಮೊದಲೇ ನಿಮಗೇನು ಬೇಕೋ ತಂದೆಗೆ ಗೊತ್ತು ಅಂತಲೂ ಹೇಳಿದ್ದಾರೆ, ಬೈಬಲ್ಲಿನ ಮತ್ತಾಯನ ಸುವಾರ್ತೆ 6ನೇ ಅಧ್ಯಾಯದಲ್ಲಿ. ಗೊತ್ತಿದ್ದ ಮೇಲೆ ಕೇಳುವುದು ಯಾಕೆ?

ಆ ಮಾತಿನ ಬೆನ್ನಿಗೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆ ಬರುತ್ತದೆ. ಚಿಕ್ಕಂದಿನಿಂದ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಈಗ ಬೆಳಿಗ್ಗೆ ಮಷೀನಿಗೆ ಎಣ್ಣೆ ಬಿಟ್ಟು, ಬಾಬಿನ್ನಿಗೆ ನೂಲು ಸುತ್ತುವಾಗ ಒಂದೊಂದೇ ಸಾಲು ನಿಧಾನವಾಗಿ ಹೇಳುತ್ತೇನೆ. ಮೊದಲ ಮೂರು ಬೇಡಿಕೆ ನಮ್ಮವೇ ಅಲ್ಲ: ದೇವರ ನಾಮ, ದೇವರ ರಾಜ್ಯ, ದೇವರ ಚಿತ್ತ. ಅನ್ನದ ಮಾತು ಆಮೇಲೆ, ಅದೂ ಈಹೊತ್ತಿನದ್ದು ಮಾತ್ರ. ಈ ಸಾಲಿಗೆ ಬರುವಷ್ಟರಲ್ಲಿ ನನ್ನ ಪಟ್ಟಿ ತಾನಾಗಿಯೇ ಮೊಟಕಾಗಿರುತ್ತದೆ. ದೇವರಿಗೆ ಸುದ್ದಿ ಮುಟ್ಟಿಸಲು ಅಲ್ಲ, ನನ್ನನ್ನು ಆತನ ಕಡೆ ತಿರುಗಿಸಿಕೊಳ್ಳಲು ಪ್ರಾರ್ಥನೆ ಅಂತ ನನಗೆ ಅನ್ನಿಸಿದ್ದು ಹೀಗೆ.

ಕಷ್ಟ ಅದರ ಮುಂದಿನ ಸಾಲಿನಲ್ಲಿದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಅನ್ನಬೇಕಲ್ಲ! ಒಬ್ಬ ಗುತ್ತಿಗೆದಾರ ನನ್ನ ಕೂಲಿ ತಿಂಗಳಾನುಗಟ್ಟಲೆ ಕೊಡದೆ ಸತಾಯಿಸಿದ. ಆ ಸಾಲಿಗೆ ಬಂದಾಗ ಬಾಯಿ ಕಟ್ಟಿಹೋಗುತ್ತಿತ್ತು. ಅಂಥ ದಿನ ಬೈಬಲ್ಲಿನ 13ನೇ ಕೀರ್ತನೆ ತೆಗೆಯುತ್ತಿದ್ದೆ. ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಜಬರಿಸಿ ಕೇಳುವ ಕೀರ್ತನೆ ಅದು. ಸಿಟ್ಟನ್ನೂ ದೇವರ ಮುಂದೆಯೇ ಸುರಿಯಬಹುದು, ಅದೂ ಪ್ರಾರ್ಥನೆಯೇ. ಪ್ರಾರ್ಥನೆ ಮಾಡಿದ್ದಕ್ಕೆ ದುಡ್ಡೇನೂ ಬಂದು ಬೀಳಲಿಲ್ಲ. ಹೋಗಿ ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಆದರೆ ಅವನ ಮನೆ ಹಾಳಾಗಲಿ ಅನ್ನುವುದು ಮಾತ್ರ ನಾಲಿಗೆಗೆ ಬರಲಿಲ್ಲ. ಅರ್ಧ ಕೊಟ್ಟ, ಉಳಿದದ್ದು ಇವತ್ತಿಗೂ ಬಾಕಿ.

ಜೋರಾಗಿ ಕೂಗಿದರೆ ಬೇಗ ಆಗುತ್ತದೆ ಅನ್ನುವವರೂ ಇದ್ದಾರೆ. ದೇವರಿಗೇನು ಕಿವಿ ಮಂದವೇ? ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬೇಡು ಅಂತ ತಾನೇ ಯೇಸು ಹೇಳಿರುವುದು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು 'ಈ ಪಾತ್ರೆ ನನ್ನಿಂದ ತೊಲಗಲಿ' ಅಂತ, ಅಂದರೆ ಬರಲಿದ್ದ ಯಾತನೆ ತಪ್ಪಲಿ ಅಂತ ಬೇಡಿದರು. ತೊಲಗಲಿಲ್ಲ. ಆದರೂ 'ನಿನ್ನ ಚಿತ್ತದಂತೆಯೇ ಆಗಲಿ' ಅಂದರು. ಕೇಳಿದ್ದೆಲ್ಲ ಸಿಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನನಗೆ ಈ ಭಾಗವೇ ನೆನಪಾಗುತ್ತದೆ.

ಮೊನ್ನೆ ಪಕ್ಕದ ಮಷೀನಿನ ಹೆಂಗಸು, "ಅಕ್ಕಾ, ನಮ್ ಹುಡ್ಗೀದು ಎಸ್ಸೆಸ್ಸೆಲ್ಸಿ ಐತಿ, ನಿಮ್ ಪ್ರಾರ್ಥನ್ಯಾಗ ಆಕಿ ಹೆಸರೂ ಸೇರಿಸ್ರಿ" ಅಂದಳು. ಸೇರಿಸಿದ್ದೇನೆ. ಪಾಸಾಗುತ್ತಾಳೆ ಅಂತ ಮಾತ್ರ ಹೇಳಲಿಲ್ಲ. ಲೆಕ್ಕದಲ್ಲಿ ಹಿಂದಿದ್ದಾಳಂತೆ, ಟ್ಯೂಷನ್ನಿಗೂ ಕಳಿಸು ಅಂದೆ.