ಅಂಕ ಹಾಕೋದು ಎಐ, ಕರೆ ಕೇಳೋದು ನಾವು

ನಾನು ಕಾಲ್ ಸೆಂಟರ್‌ನಲ್ಲಿ ಟೀಮ್ ಲೀಡರ್. ಮೊದಲು ಕ್ವಾಲಿಟಿ ವಿಭಾಗದವರು ಒಬ್ಬೊಬ್ಬ ಏಜೆಂಟಿನ ಕೆಲವೇ ಕರೆಗಳನ್ನು ಆರಿಸಿ, ಕೇಳಿ ಅಂಕ ಹಾಕುತ್ತಿದ್ದರು. ಈಗ ಎಐ ಎಲ್ಲ ಕರೆಗಳನ್ನೂ ಅಕ್ಷರಕ್ಕಿಳಿಸಿ ಅಂಕ ಹಾಕುತ್ತದೆ. ಇನ್ಸೆಂಟಿವ್, ಶಿಫ್ಟ್, ವಾರ್ನಿಂಗ್ ಲೆಟರ್ ಎಲ್ಲಕ್ಕೂ ಆ ಅಂಕವೇ ಆಧಾರ. ಅದಕ್ಕೇ ಇದನ್ನು ನನ್ನ ತಂಡದಲ್ಲಿ ಹೇಗೆ ಬಳಸಬೇಕು ಅಂತ ಕೆಲವು ಪದ್ಧತಿ ಮಾಡಿಕೊಂಡೆ.

ಕಡಿಮೆ ಅಂಕ ಬಂದ ಕರೆಗಳನ್ನು ಆಯಾ ಏಜೆಂಟ್ ಜೊತೆಗೇ ಕೂತು ಕೇಳಲು ಶುರು ಮಾಡಿದೆ. ಗ್ರಾಹಕರು ಎರಡು ಭಾಷೆ ಬೆರೆಸಿ ಮಾತಾಡಿದ ಕಡೆ ಅಕ್ಷರಕ್ಕಿಳಿಸಿದ್ದೇ ತಪ್ಪಾಗಿರುತ್ತಿತ್ತು. ಇನ್ನೊಂದು ಕರೆ ನನಗೆ ಈಗಲೂ ನೆನಪಿದೆ. ಮೋಸದಲ್ಲಿ ಹಣ ಕಳೆದುಕೊಂಡವರೊಬ್ಬರು ಅಳುತ್ತಿದ್ದರು. ನಮ್ಮ ಹುಡುಗಿ ಅವರು ಸುಧಾರಿಸಿಕೊಳ್ಳಲಿ ಅಂತ ಸುಮ್ಮನೆ ಕಾದಿದ್ದಳು. ಸಾಫ್ಟ್‌ವೇರ್ ಆ ಮೌನವನ್ನು ‘ಡೆಡ್ ಏರ್’, ಅಂದರೆ ಮಾತಿಲ್ಲದೆ ವ್ಯರ್ಥವಾದ ಸಮಯ, ಅಂತ ಎಣಿಸಿ ಅಂಕ ಕಡಿದಿತ್ತು. ಅದು ಅವತ್ತಿನ ಒಳ್ಳೆಯ ಕರೆ!

ಅಲ್ಲಿಂದ ಒಂದು ನಿಯಮ ತಂದೆವು. ಒಬ್ಬ ಮನುಷ್ಯ ಪೂರ್ತಿ ಕರೆ ಕೇಳದೆ ಯಾರಿಗೂ ವಾರ್ನಿಂಗ್ ಇಲ್ಲ. ಅಂಕ ಎಲ್ಲಿ, ಯಾಕೆ ಹೋಯಿತು ಅನ್ನೋದು ಏಜೆಂಟಿಗೆ ಕಾಣಬೇಕು, ಒಪ್ಪದಿದ್ದರೆ ತಕರಾರು ಹಾಕಲು ದಾರಿ ಇರಬೇಕು. ಕೆಲಸ ಹೋಗಬಹುದು ಅಂತ ಹೆದರಿದ್ದ ಕ್ವಾಲಿಟಿಯವರೇ ಈಗ ಆ ತಕರಾರುಗಳನ್ನು ನೋಡುತ್ತಾರೆ. ಅವರ ಕಿವಿ ಪಳಗಿದೆ, ಆ ಕೆಲಸಕ್ಕೆ ಅವರೇ ಸರಿ.

ದನಿ ಕೇಳಿ ಏಜೆಂಟಿನ ಮನಸ್ಥಿತಿ ಅಳೆಯುವ ಸೌಲಭ್ಯವೂ ಇತ್ತು. ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ಕೆಲಸದ ಜಾಗದಲ್ಲಿ ಇಂಥ ಭಾವನೆ ಗುರುತಿಸುವ ವ್ಯವಸ್ಥೆಯನ್ನು 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ. ಅದನ್ನು ಮ್ಯಾನೇಜರ್ ಮುಂದಿಟ್ಟು ಆ ಅಂಕವನ್ನು ಆಫ್ ಮಾಡಿಸಿದೆ. ಶೀತ ಆಗಿ ದನಿ ಕೂತವರಿಗೆ ‘ಉತ್ಸಾಹ ಇಲ್ಲ’ ಅಂತ ಬರೆದರೆ ಹೇಗೆ ಒಪ್ಪೋದು?

ಇದೆಲ್ಲಕ್ಕಿಂತ ದೊಡ್ಡ ಬದಲಾವಣೆ ಮಾಡಿದ್ದು ಚಾಟ್‌ಬಾಟ್. ಪಾಸ್‌ವರ್ಡ್, ಬ್ಯಾಲೆನ್ಸ್‌ನಂಥ ಸುಲಭದ ಪ್ರಶ್ನೆಗಳೆಲ್ಲ ಅದಕ್ಕೆ ಹೋದವು. ನಮಗೆ ಉಳಿದಿದ್ದು ಜಟಿಲ ದೂರುಗಳು, ಬಾಟ್ ಜೊತೆ ಹೆಣಗಿ ಸಿಟ್ಟಾದ ಗ್ರಾಹಕರು. ಸಹಜವಾಗಿ ಎಎಚ್‌ಟಿ, ಅಂದರೆ ಒಂದು ಕರೆಗೆ ಹಿಡಿಯುವ ಸರಾಸರಿ ಸಮಯ, ಏರಿತು. ಡ್ಯಾಶ್‌ಬೋರ್ಡ್ ಮಾತ್ರ ಹಳೆಯ ಗುರಿಗೇ ಹೋಲಿಸಿ ಇಡೀ ತಂಡವನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತಿತ್ತು. ಕರೆಯ ಬಗೆ ನೋಡಿ ಬೇರೆ ಬೇರೆ ಗುರಿ ಇಡಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಆದರೆ ಬಾಟ್ ತಂದಮೇಲೆ ಗುರಿ ಬದಲಿಸದಿದ್ದರೆ ಅದು ಜನರಿಗೆ ಮಾಡುವ ಅನ್ಯಾಯ.

ಏಜೆಂಟಿಗೆ ಉತ್ತರ ಸೂಚಿಸುವ ಎಐ ಬಗ್ಗೆ ನನ್ನ ತಕರಾರಿಲ್ಲ. ಬ್ರಿನ್ಯೋಲ್ಫ್‌ಸನ್, ಲೀ, ರೇಮಂಡ್ ಎಂಬ ಸಂಶೋಧಕರ 2023ರ ಅಧ್ಯಯನದಲ್ಲಿ ಇಂಥ ನೆರವಿನಿಂದ ಗಂಟೆಗೆ ಬಗೆಹರಿಸುವ ಸಮಸ್ಯೆಗಳು ಸರಾಸರಿ ಶೇ. 14ರಷ್ಟು ಹೆಚ್ಚಿದ್ದವು. ಹೊಸಬರಿಗೆ ಲಾಭ ಜಾಸ್ತಿ, ಪಳಗಿದವರಿಗೆ ತೀರಾ ಕಡಿಮೆ. ಇಂಥ ಎಐ ಪಳಗಿದವರ ಮಾತುಕತೆಗಳಿಂದಲೇ ಕಲಿಯೋದರಿಂದ ಆ ಸೂಚನೆಗಳಲ್ಲಿ ಅವರ ಮಾತಿನ ರೀತಿಯೇ ಇರುತ್ತದೆ, ಅಲ್ವಾ? ಹಾಗಾದರೆ ಅದರ ಲಾಭದಲ್ಲಿ ಅವರಿಗೂ ಪಾಲು ಬರಬೇಕು. ಇನ್ಸೆಂಟಿವ್ ಪಟ್ಟಿಯಲ್ಲಿ ಇದನ್ನು ಸೇರಿಸಿ ಅಂತ ಕೇಳುತ್ತಲೇ ಇದ್ದೇನೆ, ಇನ್ನೂ ಆಗಿಲ್ಲ.

ಸುಲಭದ ಕರೆಗಳಲ್ಲಿ ಒಂದು ಪಾಲನ್ನು ಬಾಟ್‌ಗೆ ಬಿಡದೆ ಹೊಸಬರ ಕ್ಯೂಗೆ ಕಳಿಸುವುದಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿದೆ. ಅವರು ಮೊದಲು ಅವುಗಳಲ್ಲೇ ಕೈ ಪಳಗಿಸಿಕೊಂಡು ಆಮೇಲೆ ದೂರುಗಳಿಗೆ ಬರುತ್ತಾರೆ.