ಕನ್ನಂಬಾಡಿ, ತೊಣ್ಣೂರು, ಮೇಲುಕೋಟೆ: ಮೈಸೂರಿನಿಂದ ಒಂದು ಕಠಿಣ ಸೈಕಲ್ ಸುತ್ತು

ಮೈಸೂರಿನ ಸೈಕಲ್ ಸವಾರರಲ್ಲಿ ಏರಿನ ಮಾತು ಬಂದರೆ ಮೊದಲು ಬರುವ ಹೆಸರು ಚಾಮುಂಡಿ ಬೆಟ್ಟದ್ದು. ಬೆಟ್ಟ ಹತ್ತಿ ಇಳಿದು ತಿಂಡಿಯ ಹೊತ್ತಿಗೆ ಮನೆ ಸೇರುವುದು ಅಭ್ಯಾಸವಾಗಿ, ಇನ್ನಷ್ಟು ದೂರದ, ಇನ್ನಷ್ಟು ಶ್ರಮದ ದಾರಿ ಬೇಕೆನಿಸಿದವರು ಕನ್ನಂಬಾಡಿ ಕಟ್ಟೆಯ ಕೆಳಗಿನಿಂದ ಪಾಂಡವಪುರಕ್ಕೆ ಹೋಗಿ, ತೊಣ್ಣೂರು ಕೆರೆಯನ್ನು ನೋಡಿಕೊಂಡು, ಜಕ್ಕನಹಳ್ಳಿಯ ಕಡೆಯಿಂದ ಮೇಲುಕೋಟೆಗೆ ಹತ್ತಿ, ಶ್ರೀರಂಗಪಟ್ಟಣದ ಮೂಲಕ ಮರಳಬಹುದು. ಒಟ್ಟು ದೂರ 120 ಕಿ.ಮೀ. ಆಸುಪಾಸು. ಮೇಲುಕೋಟೆ ಮತ್ತು ಪಾಂಡವಪುರದ ನಡುವಿನ ರಸ್ತೆಯ ಬಹುಭಾಗವನ್ನು ಹೋಗುವಾಗಲೂ ಬರುವಾಗಲೂ ತುಳಿಯಬೇಕಾಗುವುದರಿಂದ ಇದು ಪೂರ್ಣ ವೃತ್ತವಲ್ಲ. ಆದರೂ ಎರಡು ಜಲಾಶಯ, ಒಂದು ಬೆಟ್ಟ, ಹತ್ತಾರು ಹಳ್ಳಿ ಒಂದೇ ದಿನದಲ್ಲಿ ಸಿಗುವ ದಾರಿ ಈ ಭಾಗದಲ್ಲಿ ಹೆಚ್ಚಿಲ್ಲ.

ಹೊರಡುವ ಮೊದಲು ಈ ಸುತ್ತಿನ ಏರಿಳಿತವನ್ನು ತಿಳಿದುಕೊಳ್ಳುವುದು ಅಗತ್ಯ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ, ಕಾವೇರಿಯ ದ್ವೀಪವಾದ ಶ್ರೀರಂಗಪಟ್ಟಣ 680 ಮೀಟರಿನ ಹತ್ತಿರದಲ್ಲಿದೆ. ಎಂದರೆ ಬೆಳಗಿನ ತಂಪಿನಲ್ಲಿ ನದಿಯ ಕಡೆಗೆ ನಿರಾಯಾಸವಾಗಿ ಇಳಿಯುವ ಸವಾರ, ಕಾಲು ಸೋತ ಮೇಲೆ ಅದೇ ಎತ್ತರವನ್ನು ಬಿಸಿಲಿನಲ್ಲಿ ಮರಳಿ ಹತ್ತಬೇಕು. ಮೇಲುಕೋಟೆಯ ಏರು ಎಲ್ಲರಿಗೂ ಗೊತ್ತಿರುವುದರಿಂದ ಅದಕ್ಕೆ ಎಲ್ಲರೂ ಸಿದ್ಧರಾಗಿಯೇ ಬರುತ್ತಾರೆ. ಶಕ್ತಿಯ ಲೆಕ್ಕ ತಪ್ಪುವುದು ಹೆಸರಿಲ್ಲದ ಈ ಕೊನೆಯ ಏರಿನಲ್ಲಿ. ಆದ್ದರಿಂದ ಪಾಂಡವಪುರದವರೆಗೆ ಜೊತೆಯವರೊಂದಿಗೆ ಆರಾಮವಾಗಿ ಮಾತನಾಡಲು ಸಾಧ್ಯವಾಗುವಷ್ಟು ವೇಗದಲ್ಲೇ ಸಾಗಬೇಕೆಂಬುದು ಈ ದಾರಿಯ ಮೊದಲ ನಿಯಮ.

ಕಾಲವನ್ನೂ ಇದೇ ಲೆಕ್ಕದಲ್ಲಿ ಆರಿಸಿಕೊಳ್ಳಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮಾರುತ ಬಲವಾಗಿ ಬೀಸುತ್ತದೆ. ಹೋಗುವಾಗ ಅದು ಬೆನ್ನಿಗಿರುತ್ತದೆ, ಮರಳುವಾಗ ಎದುರಾಗುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಗಾಳಿಯ ದಿಕ್ಕು ಬಹುಮಟ್ಟಿಗೆ ತಿರುಗುಮುರುಗಾಗಿ, ದಣಿದ ಹೊತ್ತಿನಲ್ಲಿ ಬೆನ್ನಿಗೆ ನಿಲ್ಲುತ್ತದೆ. ಅದೇ ತಿಂಗಳುಗಳಲ್ಲಿ ನದಿ ಮತ್ತು ನಾಲೆಯ ಬಯಲಿನಲ್ಲಿ ಮಂಜು ದಟ್ಟವಾಗಿರುವುದರಿಂದ ಹಿಂದೆ ಕೆಂಪು, ಮುಂದೆ ಬಿಳಿ ದೀಪವಿಲ್ಲದೆ ಹೊರಡಬಾರದು. ಮಾರ್ಚ್–ಏಪ್ರಿಲ್‌ನಲ್ಲಿ ಬರುವ ವೈರಮುಡಿ ಉತ್ಸವದ ದಿನಗಳಲ್ಲಿ ಮೇಲುಕೋಟೆಯ ರಸ್ತೆ ಬಸ್ಸು, ಕಾರು, ಪಾದಚಾರಿಗಳಿಂದ ತುಂಬಿ ಹೋಗುತ್ತದೆ. ಭಕ್ತಿಯಿಂದ ಹೋಗುವುದಾದರೆ ಬಸ್ಸಿನಲ್ಲಿ ಹೋಗುವುದೇ ಲೇಸು.

ಸೈಕಲ್ಲಿನ ವಿಷಯದಲ್ಲಿ ಗೇರಿನ ಬಗ್ಗೆ ಹಮ್ಮು ಬೇಡ. ಮುಂದೆ ಪೆಡಲಿನ ಬಳಿ 34 ಹಲ್ಲಿನ ಸಣ್ಣ ಚೈನ್‌ರಿಂಗ್ (ಹಲ್ಲುಚಕ್ರ), ಹಿಂದಿನ ಚಕ್ರದಲ್ಲಿ 32 ಹಲ್ಲಿನವರೆಗಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಇದ್ದರೆ ಮಂಡಿಗೆ ಪೆಟ್ಟಾಗದಂತೆ ಏರನ್ನು ಮುಗಿಸಬಹುದು. ಟೈರು 28 ಮಿ.ಮೀ. ಅಗಲದ್ದಾದರೆ ಒಳ್ಳೆಯದು; 23ರ ಟೈರಿಗೆ ಗಾಳಿ ಬಿಗಿಯಾಗಿ ತುಂಬಿ ಹಳ್ಳಿಯ ಒಳರಸ್ತೆಗಳಿಗೆ ಇಳಿದವರು ಕೈ ಜೋಮು ಹಿಡಿಸಿಕೊಂಡು ಬರುತ್ತಾರೆ. ಎರಡು ಟ್ಯೂಬ್, ಟೈರ್ ಲಿವರ್, ಕೈಪಂಪು ಜೊತೆಗಿರಲಿ. ಹಳ್ಳಿಯ ಪಂಕ್ಚರ್ ಅಂಗಡಿಗಳ ಗಾಳಿಯಂತ್ರ ಸ್ಕೂಟರಿನ ವಾಲ್ವಿಗೆ ಹೊಂದುವಂಥದ್ದಾಗಿದ್ದು, ತೆಳು ಪ್ರೆಸ್ಟಾ ವಾಲ್ವಿನ ಟ್ಯೂಬಿಗೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಮನೆಯಿಂದ ಹೊರಡುವಾಗಲೇ ಮುಂದಿನ ಚಕ್ರದ ವಾಲ್ವಿಗೆ ತಿರುಗಿಸಿಟ್ಟುಕೊಂಡರೆ ಕಳೆದುಹೋಗುವ ಭಯವೂ ಇರುವುದಿಲ್ಲ.

ಮೈಸೂರಿನಿಂದ ಬೆಳಗಿನ ಐದೂವರೆಗೆ ಹೊರಟು ಮೇಟಗಳ್ಳಿ, ಬೆಳಗೊಳದ ಮಾರ್ಗವಾಗಿ ಕೆ.ಆರ್.ಎಸ್., ಎಂದರೆ ಕನ್ನಂಬಾಡಿ ಕಟ್ಟೆ, ತಲುಪಬೇಕು. 1911ರಲ್ಲಿ ಕಾಮಗಾರಿ ಆರಂಭವಾದ ಈ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯ ಜಿಲ್ಲೆಯ ಶಾಲಾ ಮಕ್ಕಳಿಗೂ ಬಾಯಿಪಾಠ. ಕಟ್ಟೆಯ ಮೇಲಿನ ರಸ್ತೆಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲದ ಕಾರಣ, ಕೆಳಗಿನ ಸೇತುವೆಯಿಂದ ನದಿ ದಾಟಿ ಉತ್ತರ ದಂಡೆಗೆ ಬಂದು ಪಾಂಡವಪುರದ ದಾರಿ ಹಿಡಿಯಬೇಕು. ಇಲ್ಲಿಂದ ಮುಂದೆ ವಿಶ್ವೇಶ್ವರಯ್ಯ ನಾಲೆಯ ಸೀಮೆ. ನಾಲೆಯ ಏರಿಯ ಮೇಲಿನ ದಾರಿ ನೆರಳಾಗಿ, ನಿರ್ಜನವಾಗಿ ಕಂಡು ಆಸೆ ಹುಟ್ಟಿಸುತ್ತದೆ. ತಡೆಗೋಡೆ ಇಲ್ಲದ ಕಡೆ ಅದರ ಮೇಲೆ ಗುಂಪಾಗಿ ಓಡಿಸುವುದು ಸಲ್ಲದು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು.

ಈ ಸುತ್ತಿನ ನಿಜವಾದ ಕಷ್ಟ ಕಬ್ಬು ಮತ್ತು ಒಕ್ಕಣೆಯ ಕಾಲದ ರಸ್ತೆ ಎಂಬುದು ನನ್ನ ಅಭಿಪ್ರಾಯ. ಕಬ್ಬು ಅರೆಯುವ ದಿನಗಳಲ್ಲಿ ಎರಡೆರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಕಾರ್ಖಾನೆಯ ಕಡೆಗೆ ಸಾಗುತ್ತವೆ. ಹೊರೆಯ ಎರಡೂ ಪಕ್ಕದಲ್ಲಿ ಕಬ್ಬಿನ ತುದಿಗಳು ಮೊಳದುದ್ದ ಚಾಚಿಕೊಂಡಿರುತ್ತವೆ. ಹಿಂದಿನ ಟ್ರೈಲರ್ ತಿರುವಿನಲ್ಲಿ ಒಳಕ್ಕೆ ಎಳೆಯುತ್ತದೆ. ಚಾಲಕನಿಗೆ ಹಾಡಿನ ಅಬ್ಬರದಲ್ಲಿ ಸೈಕಲ್ಲಿನ ಗಂಟೆ ಕೇಳಿಸುವುದಿಲ್ಲ. ಆದ್ದರಿಂದ ಎಡಬದಿಯಿಂದ ಎಂದಿಗೂ ನುಗ್ಗದೆ, ಮುಂದೆ ನೇರ ರಸ್ತೆ ಕಾಣುವವರೆಗೆ ಹಿಂದೆಯೇ ತಾಳಿಕೊಂಡು ಬಲಗಡೆಯಿಂದ ದಾಟಬೇಕು. ರಸ್ತೆಗೆ ಬಿದ್ದ ಕಬ್ಬಿನ ಜಲ್ಲೆ ಚಕ್ರದಡಿ ಉರುಳುವುದರಿಂದ ಅದರ ಉದ್ದಕ್ಕೆ ಹತ್ತದೆ ನೇರವಾಗಿ ಅಡ್ಡಲಾಗಿ ದಾಟುವುದು ಕ್ಷೇಮ.

ಡಿಸೆಂಬರ್, ಜನವರಿಯಲ್ಲಿ ಒಕ್ಕಣೆ ಆರಂಭವಾಗುತ್ತದೆ. ಕಣ ಮಾಡುವ ಪರಿಪಾಟ ಕಡಿಮೆಯಾದಂತೆ ಹಳ್ಳಿಯವರು ರಾಗಿ, ಹುರುಳಿಗಳ ಹೊರೆಯನ್ನು ಡಾಂಬರಿನ ಮೇಲೆಯೇ ಹರಡಿ, ಓಡಾಡುವ ವಾಹನಗಳಿಂದ ತುಳಿಸುತ್ತಾರೆ. ಹುರುಳಿಯ ಒಣಬಳ್ಳಿ ಹಿಂದಿನ ಗೇರಿನ ಸಣ್ಣ ಗಾಲಿಗಳಿಗೆ ಸುತ್ತಿಕೊಂಡರೆ ಚೈನು ಬಿಗಿದು, ಕೆಲವೊಮ್ಮೆ ಗೇರನ್ನು ಹಿಡಿದಿರುವ ಹ್ಯಾಂಗರ್ ಮುರಿಯುವುದೂ ಉಂಟು. ಹಾಸು ಕಂಡ ಕೂಡಲೇ ತುಳಿಯುವುದನ್ನು ನಿಲ್ಲಿಸಿ, ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ತೇಲಿಕೊಂಡು ದಾಟಬೇಕು. ಹಾಸು ದಪ್ಪವಾಗಿದ್ದರೆ ಇಳಿದು ಸೈಕಲ್ಲನ್ನು ಎತ್ತಿಕೊಂಡು ನಡೆಯಬೇಕು. ಅಲ್ಲಿ ಕಾಳು ಗುಡಿಸುತ್ತಿರುವ ಹೆಂಗಸರು "ನಿಧಾನ ಕಣಪ್ಪಾ, ಜಾರ್ತದೆ" ಎಂದು ತಾವಾಗಿಯೇ ಎಚ್ಚರಿಸುತ್ತಾರೆ. ಅವರೊಂದಿಗೆ ರಸ್ತೆಯ ಕಾನೂನು ಮಾತನಾಡುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಪಾಂಡವಪುರ ದಾಟಿ ನಾಗಮಂಗಲದ ದಾರಿಯಿಂದ ಎಡಕ್ಕೆ ಸರಿದರೆ ಕೆರೆ ತೊಣ್ಣೂರು. ಬೆಟ್ಟಗಳ ನಡುವಿನ ಕಣಿವೆಗೆ ಏರಿ ಕಟ್ಟಿ ನಿಲ್ಲಿಸಿದ ನೀರು ಇದು. ರಾಮಾನುಜಾಚಾರ್ಯರ ಮತ್ತು ಹೊಯ್ಸಳ ವಿಷ್ಣುವರ್ಧನನ ಕಾಲದೊಡನೆ ಜನ ಇದನ್ನು ನೆನೆಯುತ್ತಾರೆ. ಮೋತಿ ತಲಾಬ್ ಎಂಬ ಹೆಸರೂ ಇದಕ್ಕಿದೆ. ನಂಬಿನಾರಾಯಣ ದೇವಸ್ಥಾನವನ್ನು ಹೊರಗಿನಿಂದಲಾದರೂ ನೋಡಿ ಮುಂದೆ ಹೋಗಬಹುದು. ಬೆವರಿದ ಮೈಗೆ ತಿಳಿನೀರು ಎಷ್ಟೇ ಆಕರ್ಷಕವಾಗಿ ಕಂಡರೂ ಈಜಲು ಇಳಿಯಬಾರದು: ಕೆರೆ ಆಳವಾಗಿದೆ, ಬಿಸಿಯಾದ ಸ್ನಾಯುಗಳು ತಣ್ಣೀರಿಗೆ ಬಿಗಿದುಕೊಳ್ಳುತ್ತವೆ. ಇಲ್ಲಿ ಬಾಳೆಹಣ್ಣು, ಕಡಲೆ ಮಿಠಾಯಿಯಂಥದ್ದನ್ನು ತಿಂದು ಎರಡೂ ಬಾಟಲಿ ತುಂಬಿಸಿಕೊಳ್ಳುವುದು ಕಡ್ಡಾಯ, ಏಕೆಂದರೆ ಹೊಟ್ಟೆಗೆ ಹೋದದ್ದು ಕಾಲಿಗೆ ಸಿಗಲು ಹೊತ್ತು ಬೇಕು. ಏರು ಶುರುವಾದ ಮೇಲೆ ತಿಂದರೆ ಅದು ಇಳಿಜಾರಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಜಕ್ಕನಹಳ್ಳಿಯಲ್ಲಿ ಎಡಕ್ಕೆ ತಿರುಗಿದರೆ ಮೇಲುಕೋಟೆಗೆ ಆರೇಳು ಕಿ.ಮೀ. ಮೊದಲ ಭಾಗದಲ್ಲಿ ಏರು ಕಣ್ಣಿಗೆ ಅಷ್ಟಾಗಿ ಕಾಣಿಸದಿರುವುದರಿಂದ ದೊಡ್ಡ ಗೇರಿನಲ್ಲೇ ತುಳಿಯುವ ಮೋಹ ಬರುತ್ತದೆ. ಕಾಲು ಭಾರವಾಗುವ ಮೊದಲೇ ಸಣ್ಣ ಗೇರಿಗೆ ಇಳಿದು, ಪೆಡಲು ನಿಮಿಷಕ್ಕೆ 70–80 ಸುತ್ತು ತಿರುಗುವ ಲಯ ಕಾಪಾಡಿಕೊಂಡು, ಕುಳಿತೇ ಹತ್ತಬೇಕು. ಎದ್ದು ನಿಂತು ತುಳಿಯುವುದನ್ನು ಕೊನೆಯ ತಿರುವುಗಳಿಗೆ ಉಳಿಸಿಕೊಳ್ಳಬೇಕು. ಚಾಮುಂಡಿ ಬೆಟ್ಟವನ್ನು ಒಂದೇ ಬೆಳಿಗ್ಗೆ ಎರಡು ಬಾರಿ ಹತ್ತಬಲ್ಲವರಿಗೆ ಈ ಏರು ಹೊಸದೇನೂ ಅಲ್ಲ.

ಊರೊಳಗೆ ಕಲ್ಯಾಣಿಯ ಹತ್ತಿರ ಸೈಕಲ್ ನಿಲ್ಲಿಸಬಹುದು. ಕ್ಲೀಟ್ (ಪೆಡಲಿಗೆ ಸಿಕ್ಕಿಕೊಳ್ಳುವ, ಅಟ್ಟೆಯ ಗಟ್ಟಿ ಕೊಂಡಿ) ಇರುವ ಷೂ ಹಾಕಿಕೊಂಡು ಕಲ್ಲಿನ ಮೆಟ್ಟಿಲುಗಳ ಮೇಲೆ ನಡೆದರೆ ಜಾರಿ ಬೀಳುವುದು ಖಚಿತ. ಯೋಗಾನರಸಿಂಹಸ್ವಾಮಿಯ ಬೆಟ್ಟವನ್ನು ಅದೇ ದಿನ ಹತ್ತುವುದು ಸಾಹಸವಲ್ಲ, ಮರಳುವ ದಾರಿಗೆ ಮಾಡಿಕೊಳ್ಳುವ ಅನ್ಯಾಯ. ಪುಳಿಯೋಗರೆಯನ್ನು ತಿನ್ನದೆ ಬನ್ನಿ ಎಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ. ಎಣ್ಣೆ, ಹುಳಿ ಎರಡೂ ಇರುವ ಅನ್ನವನ್ನು ಅರ್ಧ ತಿಂದು ಅರ್ಧ ಕಟ್ಟಿಸಿಕೊಳ್ಳುವುದು ಜಾಣತನ.

ಇಳಿಯುವಾಗ ಕೈಗಳನ್ನು ಹ್ಯಾಂಡಲ್ಲಿನ ಬಾಗಿದ ಕೆಳಭಾಗದಲ್ಲಿಟ್ಟು, ತಿರುವಿಗೆ ಮುಂಚೆಯೇ ವೇಗ ಕಡಿಮೆ ಮಾಡಿಕೊಳ್ಳಬೇಕು. ಬ್ರೇಕನ್ನು ಒಂದೇ ಸಮನೆ ಹಿಡಿದಿರದೆ ಬಿಟ್ಟು ಬಿಟ್ಟು ಒತ್ತಬೇಕು. ಬಣ್ಣ ಬಳಿಯದ ಹಂಪುಗಳು ಊರಿನ ಮೊದಲ ಮನೆ ಅಥವಾ ಶಾಲೆಯ ಹತ್ತಿರವೇ ಇರುತ್ತವೆ.

ಜಕ್ಕನಹಳ್ಳಿಯಿಂದ ಪಾಂಡವಪುರ, ಅಲ್ಲಿಂದ ಕಿರಂಗೂರಿನ ಮೂಲಕ ಶ್ರೀರಂಗಪಟ್ಟಣ. ದಾರಿಯಲ್ಲಿ ಆಲೆಮನೆ ಸಿಕ್ಕರೆ ಒಂದು ಲೋಟ ಕಬ್ಬಿನ ಹಾಲು ಕುಡಿಯಬಹುದು, ಆದರೆ ಉಪ್ಪಿನಂಶಕ್ಕೆ ಓ.ಆರ್.ಎಸ್. ಅಥವಾ ಮಜ್ಜಿಗೆಯೇ ಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿಗೂ ನಿಷೇಧವಿದೆ. ಸರ್ವೀಸ್ ರಸ್ತೆಯಲ್ಲೇ ಕಳಸ್ತವಾಡಿ, ಸಿದ್ದಲಿಂಗಪುರಗಳ ಮೂಲಕ ಬರಬೇಕು. ಅದರಲ್ಲಿ ಎದುರಿನಿಂದಲೂ ವಾಹನಗಳು ಬರುತ್ತವೆ ಎಂಬುದನ್ನು ಮರೆಯಬಾರದು. ಇದೇ ಆ ಹೆಸರಿಲ್ಲದ ಏರು. ಶ್ರೀರಂಗಪಟ್ಟಣದಲ್ಲಿ ಹತ್ತು ನಿಮಿಷ ನೆರಳಿನಲ್ಲಿ ಕುಳಿತು, ತಲೆಗೂ ಕತ್ತಿಗೂ ನೀರು ಹಾಕಿಕೊಂಡು, ಮೇಲುಕೋಟೆಯಲ್ಲಿ ಬಳಸಿದ ಸಣ್ಣ ಗೇರುಗಳನ್ನು ಇಲ್ಲಿಯೂ ಸಂಕೋಚವಿಲ್ಲದೆ ಬಳಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೈಸೂರು ಸೇರಬಹುದು. ಚೈನಿಗೆ ಹತ್ತಿದ ಹೊಟ್ಟು, ಕಬ್ಬಿನ ಅಂಟು ಮರುದಿನದವರೆಗೆ ಉಳಿದರೆ ಗಟ್ಟಿಯಾಗುತ್ತದೆ. ಅಂದೇ ಬಟ್ಟೆಯಿಂದ ಒರೆಸಿ ಎಣ್ಣೆ ಬಿಡಬೇಕು.