ಭಟ್ಕಳದಿಂದ ಕಾರವಾರಕ್ಕೆ: ಅರೇ ತಿರುಗಿಸುವಾಗ ಎಡವುವ ಜಾಗ

ಕಾರವಾರದಿಂದ ಭಟ್ಕಳಕ್ಕೆ ಹೋಗುವ ಬಸ್ಸಿನ ಊರುಗಳು ವೆಬ್ ಪುಟದಲ್ಲಿವೆ. ಗುಂಡಿ ಒತ್ತಿದರೆ ವಾಪಸ್ ಬರುವ ದಾರಿ ಕಾಣಬೇಕು.

ಮೊದಲು ಜಾವಾಸ್ಕ್ರಿಪ್ಟ್‌ನಲ್ಲಿ ‘ಹೋಗುವ’ ಎಂಬ ಅರೇ (ಕ್ರಮವಾಗಿ ಜೋಡಿಸಿದ ಪಟ್ಟಿ) ಮಾಡಿ ಐದು ಹೆಸರು ತುಂಬಿ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ.

ಎಲ್ಲರೂ ಜಾರುವುದು ಎರಡನೆಯ ಹೆಜ್ಜೆಯಲ್ಲಿ. ‘ಬರುವ = ಹೋಗುವ.ರಿವರ್ಸ್()’ ಎಂದು ಬರೆದು ಎರಡು ಪಟ್ಟಿ ಸಿಕ್ಕವು ಅಂದುಕೊಳ್ಳುತ್ತಾರೆ. ಇರುವುದು ಒಂದೇ ಪಟ್ಟಿ, ಹೆಸರು ಎರಡು. ರಿವರ್ಸ್ ಮೂಲ ಅರೇಯನ್ನೇ ಇದ್ದಲ್ಲಿ ತಿರುಗಿಸಿ ಅದನ್ನೇ ಕೈಗಿಡುತ್ತದೆ. ಈಗ ಹೋಗುವ ಬಸ್ಸೂ ಭಟ್ಕಳದಿಂದಲೇ ಹೊರಡುತ್ತದೆ! ಮತ್ತೊಮ್ಮೆ ಒತ್ತಿದರೆ ಎರಡೂ ಕಾರವಾರದಿಂದ. ಗುಂಡಿ ಒಮ್ಮೆ ಸರಿ, ಒಮ್ಮೆ ತಪ್ಪು ಅನ್ನುವ ದೂರು ಹುಟ್ಟುವುದು ಹೀಗೆ. ಅರೇಯ ಹೆಸರಿನ ಮುಂದೆ ಕಾನ್ಸ್ಟ್ (const) ಹಾಕಿದ್ದೇವಲ್ಲ ಎಂಬ ಧೈರ್ಯ ಬೇಡ. ಅದು ಆ ಹೆಸರಿಗೆ ಬೇರೆ ಅರೇ ಕೊಡುವುದನ್ನು ತಡೆಯುತ್ತದೆ, ಒಳಗಿನ ಕ್ರಮವನ್ನು ಕಾಯುವುದಿಲ್ಲ. ವೆಬ್ ಪುಟ ಕಟ್ಟುವ ಲೈಬ್ರರಿ ರಿಯಾಕ್ಟ್‌ನಲ್ಲಿ ಅದೇ ಅರೇಯನ್ನು ಸ್ಟೇಟ್‌ಗೆ (ಪರದೆಗೆ ಬೇಕಾದ ಮಾಹಿತಿ ಇಡುವ ಜಾಗಕ್ಕೆ) ಮರಳಿ ಕೊಟ್ಟರೆ ಏನೂ ಬದಲಾಗಿಲ್ಲವೆಂದು ಪರದೆ ಹಾಗೇ ಉಳಿಯುತ್ತದೆ.

ರಿವರ್ಸ್ ಬದಲು ‘ಹೋಗುವ.ಟೂರಿವರ್ಸ್ಡ್()’ (toReversed) ಬರೆಯಿರಿ. ಜಾವಾಸ್ಕ್ರಿಪ್ಟ್ ಭಾಷೆಯ ಮಾನದಂಡವಾದ ಎಕ್ಮಾಸ್ಕ್ರಿಪ್ಟ್ 2023ರಲ್ಲಿ ಸೇರಿದ ಇದು ಹೊಸ ಅರೇ ಕೊಡುತ್ತದೆ. ಕ್ರೋಮ್ 110, ಸಫಾರಿ 16, ಫೈರ್‌ಫಾಕ್ಸ್ 115ರಿಂದ ಇದೆ. ಹಳೆಯ ಫೋನುಗಳಿಗೆ ‘ಹೋಗುವ.ಸ್ಲೈಸ್().ರಿವರ್ಸ್()’ ಸಾಕು, ಸ್ಲೈಸ್ ಮೊದಲು ಅರೇಯ ನಕಲು ಮಾಡುತ್ತದೆ. ಇಷ್ಟಕ್ಕೆ ಲೈಬ್ರರಿ ಎಳೆದು ತರಬೇಡಿ. ಒಂದು ಎಚ್ಚರ: ಊರಿನ ಜೊತೆ ಸಮಯವನ್ನೂ ಒಟ್ಟಿಗೆ ಕಟ್ಟಿ ಒಂದು ಆಬ್ಜೆಕ್ಟ್ ಮಾಡಿ ಇಟ್ಟಿದ್ದರೆ, ಹೊಸ ಅರೇಯಲ್ಲೂ ಇರುವುದು ಅವೇ ಆಬ್ಜೆಕ್ಟ್‌ಗಳು. ಬರುವ ಬಸ್ಸಿನ ಸಮಯ ತಿದ್ದಿದರೆ ಹೋಗುವ ಬಸ್ಸಿನದ್ದೂ ಕೆಡುತ್ತದೆ.

ಪುಟದ ನೋಟ ತಿದ್ದುವ ಸಿಎಸ್‌ಎಸ್‌ನ ಕಾಲಮ್-ರಿವರ್ಸ್ ಅಡ್ಡದಾರಿ ಕಣ್ಣಿಗಷ್ಟೇ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಹಳೆಯ ಕ್ರಮದಲ್ಲೇ ಓದುತ್ತದೆ.

ಕೆಲಸದ ಸಂದರ್ಶನದಲ್ಲಿ ಅರೇ ತಿರುಗಿಸುವ ಲೂಪ್ ನೀವೇ ಬರೆಯಿರಿ ಅಂದರೆ, ಒಂದು ಸೂಚ್ಯಂಕ 0ಯಿಂದ, ಇನ್ನೊಂದು ಉದ್ದಕ್ಕಿಂತ ಒಂದು ಕಡಿಮೆಯಿಂದ ಶುರುಮಾಡಿ, ಎರಡೂ ಸಂಧಿಸುವವರೆಗೆ ಅದಲುಬದಲು ಮಾಡಿ. ಐದು ಊರಿಗೆ ಎರಡೇ ಬದಲಿ, ಕುಮಟಾ ಕದಲುವುದಿಲ್ಲ. ಲೂಪನ್ನು ಕೊನೆಯವರೆಗೂ ಓಡಿಸಿದರೆ ಬದಲಾದದ್ದೆಲ್ಲ ಮತ್ತೆ ಬದಲಾಗಿ ಪಟ್ಟಿ ಮೊದಲಿನಂತೇ ಕೂರುತ್ತದೆ.

ಹೆಸರಿನ ಅಕ್ಷರಗಳನ್ನೇ ತಿರುಗಿಸುವುದಾದರೆ ಪದವನ್ನು ಬಿಡಿ ಸಂಕೇತಗಳಾಗಿ ಒಡೆಯುವ ಬರಿಯ ಸ್ಪ್ಲಿಟ್ ಕನ್ನಡಕ್ಕೆ ಆಗದು. ‘ಶಿರಸಿ’ಯ ಗುಡಿಸು ಸ ಬಿಟ್ಟು ಮುಂದೆ ಒಂಟಿಯಾಗಿ ನಿಲ್ಲುತ್ತದೆ, ಶಕಾರದ್ದು ರಕಾರಕ್ಕೆ ಅಂಟುತ್ತದೆ. ಇಂಟ್ಲ್.ಸೆಗ್ಮೆಂಟರ್‌ನಿಂದ ಕಣ್ಣಿಗೆ ಕಾಣುವ ಅಕ್ಷರಗಳಾಗಿ ಒಡೆದು ತಿರುಗಿಸಿದರೆ ‘ಸಿರಶಿ’ ಬರುತ್ತದೆ. ಆಮೇಲೆ ‘ಭಟ್ಕಳ’ವನ್ನೂ ಕೊಟ್ಟು ನೋಡಿ. ‘ಳಕಟ್ಭ’ ಬಂದರೆ ಅದು ಒತ್ತಕ್ಷರವನ್ನು ಒಡೆದಿದೆ. ಟ್ ಮತ್ತು ಕ ಜೋಡಿಯನ್ನು ನೀವೇ ಸೇರಿಸಿಕೊಳ್ಳಬೇಕು.